ನೀರು ಹೋಗುವ ತೂತು

ಜೋಳದ ಕಾಳಿನಷ್ಟು ಒಂದು ಉಬ್ಬು. ನಮ್ಮ ಪದ್ಮಿನಿ ಕಾರಿನ ಡ್ರೈವರ್ ಬಾಗಿಲ ಕೆಳಗಡೆ, ಬಣ್ಣದ ಅಡಿಯಲ್ಲಿ. ಹೋದ ವರ್ಷ ದಸರಾ ರಜೆಗೆ ಬೆಂಗಳೂರಿನಿಂದ ವಿಜಯಪುರಕ್ಕೆ ಹೋದಾಗ ಗಾಡಿ ಒರೆಸುತ್ತ ಅದರ ಮೇಲೆ ಸುಮ್ಮನೆ ಹೆಬ್ಬೆರಳು ಒತ್ತಿದೆ. ಬಣ್ಣ ಹಪ್ಪಳದಂತೆ ಮುರಿದು, ಬೆರಳು ಉಗುರಿನ ತನಕ ಒಳಗೆ ಹೋಯಿತು. ಹೊರಗೆ ತೆಗೆದಾಗ ಬೆರಳಿಗೆ ಕಂದು ಪುಡಿ ಮೆತ್ತಿತ್ತು.

ಅಪ್ಪ ಕಟ್ಟೆಯ ಮೇಲೆ ಕೂತು ಪೇಪರ್ ಓದುತ್ತಿದ್ದರು. ನಾನು ಬೆರಳನ್ನು ಪ್ಯಾಂಟಿಗೆ ಒರೆಸಿಕೊಂಡು, ಒರೆಸುವ ಬಟ್ಟೆಯನ್ನು ಆ ತೂತಿನ ಮೇಲೆ ಇಳಿಬಿಟ್ಟೆ. ಯಾಕೆ ಅಂತ ಕೇಳಬೇಡಿ. ಆ ಹೊತ್ತಿಗೆ ಹಾಗೇ ಮಾಡಬೇಕು ಅನಿಸಿತು.

ಗಾಡಿಯ ಕಥೆ ಸ್ವಲ್ಪ ಹೇಳಿಬಿಡುತ್ತೇನೆ. ನಮ್ಮ ಮನೆ ಸಿದ್ಧೇಶ್ವರ ಗುಡಿಯ ಹಿಂದಿನ ಓಣಿಯಲ್ಲಿ. ಅಪ್ಪ ಸಾಲಿ ಮಾಸ್ತರ್. 1985ರ ಮಾಡೆಲ್ ಪ್ರೀಮಿಯರ್ ಪದ್ಮಿನಿಯನ್ನು ಅವರು ಸೆಕೆಂಡ್ ಹ್ಯಾಂಡ್ ತಂದಾಗ ನಾನಿನ್ನೂ ಹುಟ್ಟಿರಲಿಲ್ಲ. ತಿಳಿ ನೀಲಿ ಬಣ್ಣ, ಸ್ಟೇರಿಂಗ್ ಪಕ್ಕದಲ್ಲೇ ಗೇರು, ಮುಂದೆ ಮೂರು ಮಂದಿ ಒತ್ತಿ ಕೂರಬಹುದಾದ ಉದ್ದ ಸೀಟು. ಅವ್ವನ ತವರು ತಿಕೋಟಾ ಕಡೆ. ದ್ರಾಕ್ಷಿ ಸುಗ್ಗಿಗೆ, ಲಗ್ನಕ್ಕೆ, ಮಣ್ಣಿಗೆ, ಎಲ್ಲದಕ್ಕೂ ಅದೇ ಗಾಡಿ. ಬಬಲೇಶ್ವರದ ದೊಡ್ಡಮ್ಮನ ಮನೆಗೆ ಹೋಗುವಾಗ ಹಿಂದಿನ ಸೀಟಿನಲ್ಲಿ ನಾವು ಆರು ಮಕ್ಕಳು ಕೂತಿರುತ್ತಿದ್ದೆವು.

ಈ ಕಾರಿನ ಮೂಲ ಇಟಲಿಯ ಫಿಯಟ್ 1100. ಮುಂಬೈಯ ಕುರ್ಲಾದಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಕಂಪನಿ 1964ರಿಂದ ಅದರ ‘ಡಿಲೈಟ್’ ಮಾದರಿಯನ್ನು ತಯಾರಿಸಿತು. 1970ರ ದಶಕದಲ್ಲಿ ಅದಕ್ಕೆ ಪದ್ಮಿನಿ ಎಂಬ ಹೆಸರು ಬಂತು. 1089 ಸಿಸಿ ಎಂಜಿನ್. ನಮ್ಮೂರ ಕಡೆ ಇವತ್ತಿಗೂ ಅದನ್ನು ಪದ್ಮಿನಿ ಅನ್ನುವವರು ಕಡಿಮೆ, ಎಲ್ಲರಿಗೂ ಅದು ‘ಫಿಯಾಟ್’. 2023ರ ಅಕ್ಟೋಬರ್‌ನಲ್ಲಿ ಮುಂಬೈಯ ರಸ್ತೆಯಿಂದ ಕೊನೆಯ ಕಾಲಿ-ಪೀಲಿ ಪದ್ಮಿನಿ ಟ್ಯಾಕ್ಸಿ ಇಳಿದಾಗ ಅಪ್ಪ ಆ ಸುದ್ದಿಯನ್ನು ಕತ್ತರಿಸಿ ಇಟ್ಟುಕೊಂಡಿದ್ದರು.

ಆದರೆ ಮೊಣಕಾಲಿನ ಆಪರೇಷನ್ ಆದಮೇಲೆ ಅಪ್ಪನಿಗೆ ಕ್ಲಚ್ ತುಳಿಯಲು ಆಗುತ್ತಿಲ್ಲ. ಅವ್ವ ಹೋಗಿ ಆರು ವರ್ಷ. ಗಾಡಿ ನಿಂತಲ್ಲೇ ನಿಂತಿತ್ತು. “ಮಾರಿ ಬಿಡೂಣು” ಅಂದವರು ಅಪ್ಪನೇ. ಹುಬ್ಬಳ್ಳಿಯ ಒಬ್ಬ ಹುಡುಗ, ಹಳೆ ಗಾಡಿಗಳ ಹುಚ್ಚಿನವನು, ಫೋಟೊ ನೋಡಿ ಒಳ್ಳೆಯ ರೇಟಿಗೆ ಒಪ್ಪಿದ್ದ. ಅವನದು ಒಂದೇ ಮಾತು: ಒಂದು ಸಲ ಬಣ್ಣ ಮಾಡಿಸಿ ಕೊಡ್ರಿ.

ನನ್ನ ಲೆಕ್ಕ ಸರಳ ಇತ್ತು. ತೂತಿಗೆ ಲಾಂಬಿ ಬಳಿಸುವುದು, ಮೇಲೆ ಬಣ್ಣ ಹೊಡೆಸುವುದು, ಸಂಕ್ರಾಂತಿಗೆ ಮೊದಲೇ ಗಾಡಿ ಕೊಟ್ಟು ದುಡ್ಡು ಅಪ್ಪನ ಖಾತೆಗೆ ಹಾಕುವುದು. ಲಾಂಬಿ ಅಂದರೆ ಗೊತ್ತಲ್ಲ? ಗ್ಯಾರೇಜಿನವರು ತಗ್ಗು ತುಂಬಲು ಬಳಿಯುವ ಪೇಸ್ಟು. ಒಣಗಿದ ಮೇಲೆ ಉಜ್ಜಿದರೆ ಕೆಳಗೆ ತಗಡು ಇದೆಯೋ ಇಲ್ಲವೋ ಅಂತ ಕಣ್ಣಿಗೆ ತಿಳಿಯುವುದಿಲ್ಲ.

ಬಟ್ಟೆ ಸುತ್ತಿದ ಮ್ಯಾಗ್ನೆಟ್

ಸೋಲಾಪುರ ರಸ್ತೆಯ ಕಡೆ ತಗಡಿನ ಶೆಡ್ಡಿನಲ್ಲಿ ಟಿಂಕರಿಂಗ್ ಮಾಡುವ ಒಬ್ಬ ಚಾಚಾ ಇದ್ದಾರೆ. ಎಪ್ಪತ್ತರ ಹತ್ತಿರದ ವಯಸ್ಸು. ಅಪ್ಪ ಅವರನ್ನು ‘ಉಸ್ತಾದ್’ ಅನ್ನುತ್ತಾರೆ, ಅವರು ಅಪ್ಪನಿಗೆ ‘ಮಾಸ್ತರ್ರ’ ಅನ್ನುತ್ತಾರೆ. ಅವರ ಮಗ ಅಪ್ಪನ ಕ್ಲಾಸಿನಲ್ಲಿ ಓದಿದವನು.

ಗಾಡಿ ನಿಲ್ಲಿಸಿ ನನ್ನ ಪ್ಲಾನು ಹೇಳಿದೆ. ಚಾಚಾ ಏನೂ ಮಾತಾಡಲಿಲ್ಲ. ಜೇಬಿನಿಂದ ಹಳೆ ಸ್ಪೀಕರಿನದೊಂದು ಮ್ಯಾಗ್ನೆಟ್ ತೆಗೆದು, ಬಣ್ಣ ಕೆರೆಯದ ಹಾಗೆ ಅದಕ್ಕೆ ತೆಳ್ಳನೆ ಬಟ್ಟೆ ಸುತ್ತಿ, ಗಾಡಿಯ ಕೆಳಭಾಗದ ಉದ್ದಕ್ಕೂ ಹಚ್ಚುತ್ತ ಹೋದರು. ಬಾಗಿಲ ನಡುವೆ ಅದು ಟಪ್ ಅಂತ ಕಚ್ಚಿಕೊಂಡಿತು. ಕೆಳಗೆ ಬರುತ್ತ ಹಿಡಿತ ಸಡಿಲಾಯಿತು. ಹಿಂದಿನ ಚಕ್ರದ ಕಮಾನಿನ ಹತ್ತಿರ ಕೈ ಬಿಟ್ಟರೆ ಜಾರಿ ನೆಲಕ್ಕೇ ಬಿತ್ತು.

“ಇಲ್ಲಿ ಪತ್ರಾ ಇಲ್ಲ ತಮ್ಮಾ. ನಿಮ್ಮಪ್ಪಗ ಮಾರಿದಾಂವ ಆವಾಗs ಲಾಂಬಿ ತುಂಬಿ ಕೊಟ್ಟಾನ.”

ಆಮೇಲೆ ಒಂದು ಸ್ಕ್ರೂಡ್ರೈವರ್ ತಗೊಂಡು ಬಾಗಿಲ ಹೊಸ್ತಿಲ ಕೆಳಗೆ ಹೊಡೆಯುತ್ತ ಹೋದರು. ಒಳ್ಳೆಯ ತಗಡಿಗೆ ಹೊಡೆದರೆ ಠಣ್ ಅನ್ನುತ್ತದೆ. ಕೆಟ್ಟದ್ದಕ್ಕೆ ಬಿದ್ದಾಗ ಒಣ ಮಣ್ಣಿಗೆ ಹೊಡೆದ ಸದ್ದು. ಮೂರು ಕಡೆ ಸ್ಕ್ರೂಡ್ರೈವರ್ ಒಳಗೇ ಹೋಯಿತು. ಎಡಗಡೆ ಮ್ಯಾಟ್ ಎತ್ತಿದರೆ ಕೆಳಗಿನ ನೆಲದ ತಗಡಿನಲ್ಲಿ ಅಂಗೈ ಅಗಲದ ಜಾಗ ಜರಡಿಯಾಗಿತ್ತು. ಅದರೊಳಗಿಂದ ಶೆಡ್ಡಿನ ನೆಲ ಕಾಣುತ್ತಿತ್ತು.

“ಬಣ್ಣ ಹೊಡಿಬೇಕೇನು, ಗಾಡಿ ಮಾಡಬೇಕೇನು? ಮೊದಲ ಅದು ಹೇಳ” ಅಂದರು ಚಾಚಾ.

“ಮಾರೋ ಗಾಡಿ ಚಾಚಾ. ಬಣ್ಣ ಸಾಕು.”

“ಹಂಗಾದ್ರ ನಾ ಮಾಡಂಗಿಲ್ಲ. ಮುಂದಿನ ಗ್ಯಾರೇಜಿಗೆ ಹೋಗು. 30 ಸಾವಿರಕ್ಕ ಕನ್ನಡಿ ಮಾಡಿ ಕೊಡ್ತಾರ.”

ನನಗೆ ಸಿಟ್ಟು ಬಂತು. ಇವರಿಗೇನು ಹೋಗಬೇಕು? ಚಾಚಾ ಒಂದು ಸ್ಟೂಲ್ ಎಳೆದು ನನ್ನನ್ನು ಕೂರಿಸಿ, ಹೊಸ್ತಿಲ ಮೇಲೆ ಕೈಯಿಟ್ಟು ಹೇಳಿದರು. “ಲಾರಿಗೆ ಕೆಳಗ ಚಾಸಿ ಇರತೈತಿ. ಇದಕ್ಕ ಬ್ಯಾರೆ ಚಾಸಿ ಇಲ್ಲ. ಈ ಪತ್ರಾನ ಚಾಸಿ. ಇದು ಹೋತಂದ್ರ ಗಾಡಿ ನಡಾ ಮುರಿತೈತಿ. ಅವನ ಮನ್ಯಾಗೂ ಹುಡುಗ್ರು ಇರ್ತಾವಲ್ಲ? ಹಿಂದಿನ ಸೀಟನ್ಯಾಗ ಕುಂದರ್ತಾವಲ್ಲ?”

ಹಿಂದಿನ ಸೀಟಿನಲ್ಲಿ ಆರು ಮಕ್ಕಳು. ನನಗೆ ಮುಂದೆ ಮಾತು ಬರಲಿಲ್ಲ.

ಅವರು ಹೇಳಿದ್ದು ನಿಜ. ಪದ್ಮಿನಿಯಂಥ ಕಾರುಗಳಲ್ಲಿ ಮೈಯೇ ಎಲುಬು. ಬಾಗಿಲ ಕೆಳಗೆ ಮುಂದಿನಿಂದ ಹಿಂದಿನವರೆಗೆ ಹೋಗುವ ಟೊಳ್ಳು ಪೆಟ್ಟಿಗೆಗೆ ‘ಸಿಲ್’ ಅನ್ನುತ್ತಾರೆ. ನೆಲ, ಕಂಬ, ಬಾಗಿಲು, ಎಲ್ಲದರ ಭಾರ ಅದರ ಮೇಲಿದೆ. ಈಗಿನ ಹೆಚ್ಚಿನ ಕಾರುಗಳೂ ಇದೇ ಪದ್ಧತಿಯವು. ಫೆಂಡರ್ ತುಕ್ಕು ಹಿಡಿದರೆ ನೋಡಲು ಕೆಟ್ಟದ್ದು ಅಷ್ಟೇ. ಸಿಲ್ ತುಕ್ಕು ಹಿಡಿದರೆ ಡಿಕ್ಕಿಯಾದಾಗ ಜೀವ ಕಾಯಬೇಕಾದ ಜಾಗವೇ ಇಲ್ಲದಂತೆ. ಹಳೆ ಕಾರು ನೋಡಲು ಹೋದರೆ ಬಣ್ಣದ ಹೊಳಪಿಗಿಂತ ಮೊದಲು ಇಲ್ಲಿ ನೋಡಿ. ಬಾಗಿಲು ತೆರೆದಾಗ ಅದು ಕೆಳಗೆ ಜೋತುಬಿದ್ದು, ಮುಚ್ಚುವಾಗ ಎತ್ತಿ ಮುಚ್ಚಬೇಕಾದರೆ, ಹಿಂಜ್ ಸವೆದಿರಬಹುದು, ಸಿಲ್ ಹೋಗಿರಲೂಬಹುದು.

ಮಳೆ ಕಡಿಮೆಯ ಊರಲ್ಲಿ ತುಕ್ಕು ಯಾಕೆ?

ಇದು ನನ್ನ ಪ್ರಶ್ನೆಯಾಗಿತ್ತು. ಕಾರವಾರ, ಮಂಗಳೂರಲ್ಲಾದರೆ ಸಮುದ್ರದ ಉಪ್ಪುಗಾಳಿ. ವಿಜಯಪುರದ ಬಿಸಿಲಿಗೆ ಬಟ್ಟೆ ಒಂದು ತಾಸಿನಲ್ಲಿ ಒಣಗುತ್ತದೆ. ಗಾಡಿಯ ಹೊರಮೈ ಚೆನ್ನಾಗೇ ಇತ್ತು. ಕೆಳಗೆ ಮಾತ್ರ ಯಾಕೆ?

ಕಬ್ಬಿಣಕ್ಕೆ ನೀರು ಮತ್ತು ಗಾಳಿ ಎರಡೂ ತಾಗಿದರೆ ತುಕ್ಕು. ಅದಕ್ಕೆ ಉಪ್ಪು ಸೇರಿದರೆ ಕೆಲಸ ಬೇಗ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುತ್ತದೆ, ಅದಕ್ಕೇ ಬಣ್ಣ ಉಬ್ಬುತ್ತದೆ. ಅಂದರೆ ಹೊರಗೆ ಉಬ್ಬು ಕಾಣುವ ಹೊತ್ತಿಗೆ ಬಹಳ ಸಲ ಒಳಗಿನ ಕಥೆ ಮುಗಿದಿರುತ್ತದೆ.

ನಮ್ಮ ಶೇರ್ಜಾ ಬುರುಜಿನ ಮೇಲೆ ಮಲಿಕ್-ಎ-ಮೈದಾನ್ ತೋಪು ಇದೆಯಲ್ಲ, 1549ರಲ್ಲಿ ಅಹ್ಮದನಗರದಲ್ಲಿ ಎರಕ ಹೊಯ್ದದ್ದು. ಬಿಸಿಲು ಮಳೆಗೆ ಹಾಗೇ ಬಿದ್ದಿದ್ದರೂ ಇನ್ನೂ ಗಟ್ಟಿಯಾಗಿದೆ. ಯಾಕಂದರೆ ಅದು ತಾಮ್ರ, ತವರ ಬೆರೆಸಿದ ಘಂಟೆಯ ಲೋಹ. ಅದರ ಮೇಲೆ ಕೂರುವ ಪದರವೇ ಒಳಗಿನ ಲೋಹವನ್ನು ಕಾಯುತ್ತದೆ. ಕಬ್ಬಿಣದ ತುಕ್ಕು ಹಾಗಲ್ಲ. ಪದರು ಪದರಾಗಿ ಉದುರುತ್ತ, ಕೆಳಗಿನ ಹೊಸ ಕಬ್ಬಿಣಕ್ಕೆ ದಾರಿ ಮಾಡಿಕೊಡುತ್ತ ಹೋಗುತ್ತದೆ. ತೋಪಿನ ಲೋಹ ಗೇಣುಗಟ್ಟಲೆ ದಪ್ಪ. ನಮ್ಮ ಗಾಡಿಯ ಬಾಗಿಲ ತಗಡು ಒಂದು ಮಿಲಿಮೀಟರಿನ ಆಸುಪಾಸು.

ಇನ್ನು ನೀರು ಎಲ್ಲಿಂದ? ಅಪ್ಪ ಪ್ರತಿ ಭಾನುವಾರ ಗಾಡಿ ತೊಳೆಯುತ್ತಿದ್ದರು, ಬೋರಿನ ಸವಳು ನೀರಿನಲ್ಲಿ. ಕಿಟಕಿಯ ಗಾಜಿನ ಪಕ್ಕದ ರಬ್ಬರ್ ಹಳೆಯದಾದರೆ ಆ ನೀರು ಬಾಗಿಲೊಳಗೆ ಇಳಿಯುತ್ತದೆ. ಇಳಿಯಲಿ, ತೊಂದರೆಯಿಲ್ಲ. ಕಾರು ಮಾಡುವವರಿಗೆ ಅದು ಗೊತ್ತು. ಅದಕ್ಕೇ ಬಾಗಿಲ ಕೆಳ ಅಂಚಿನಲ್ಲಿ, ಸಿಲ್ಲಿನ ತಳದಲ್ಲಿ ನೀರು ಹೊರಗೆ ಹೋಗಲು ಸಣ್ಣ ತೂತು ಬಿಟ್ಟಿರುತ್ತಾರೆ.

ಚಾಚಾ ಬಾಗಿಲ ಕೆಳ ಅಂಚಿಗೆ ಟಾರ್ಚ್ ಹಿಡಿದು “ನೋಡಿಲ್ಲಿ” ಅಂದರು. ಆ ತೂತುಗಳು ಇರಲಿಲ್ಲ. ಇದ್ದವು, ಆದರೆ ಯಾರೋ ಒಂದೊಂದಕ್ಕೂ ಚಿಂದಿ ತುರುಕಿ ಮೇಲೆ ಡಾಂಬರು ಬಳಿದಿದ್ದರು. ನಾಲ್ಕೂ ಬಾಗಿಲಿಗೆ, ಎರಡೂ ಸಿಲ್ಲಿಗೆ. ಅಚ್ಚುಕಟ್ಟಾದ ಕೆಲಸ. ಒಂದು ಹನಿ ನೀರೂ ಹೊರಬರದಷ್ಟು ಅಚ್ಚುಕಟ್ಟು.

ಡಾಂಬರಿನ ಮೇಲೆ ಒತ್ತಿದ ಹೆಬ್ಬೆರಳಿನ ಗುರುತೂ ಇತ್ತು. ಯಾರದೆಂದು ಚಾಚಾ ಕೇಳಲಿಲ್ಲ. ನಾನೂ ಹೇಳಲಿಲ್ಲ. ಗಾಡಿಗೆ ಇನ್ನೊಬ್ಬರ ಕೈ ಹತ್ತಲು ಬಿಡದವರು ನಮ್ಮ ಮನೆಯಲ್ಲಿ ಒಬ್ಬರೇ.

ಅವತ್ತು ರಾತ್ರಿ ಊಟಕ್ಕೆ ಕೂತಾಗ ಅಪ್ಪ ಕೇಳಿದರು, “ಏನಂದ್ರು ಉಸ್ತಾದ್?”

“ಸ್ವಲ್ಪ ಪತ್ರಾ ಕೆಲಸ ಐತಂತ. ಎರಡು ತಿಂಗಳು ಬೇಕಂತ.”

“ಯಾಕ ಕೆಟ್ಟೈತಿ?”

“ಹಳೇ ಗಾಡಿ ಅಲ್ಲೇನಪ್ಪಾ” ಅಂದು ರೊಟ್ಟಿ ಮುರಿದೆ. ನಾನೂ ಒಂದು ತೂತು ಮುಚ್ಚಿದೆ.

ಕತ್ತರಿಸಿದರೇ ಗೊತ್ತಾಗುವುದು

ಕತ್ತರಿಸಿ ಹೊಸ ತಗಡು ಹಾಕಲು ಚಾಚಾ ಹೇಳಿದ ಅಂದಾಜು 85 ಸಾವಿರ. ಕಂಪನಿಗೆ ಹೇಳಿ ಎರಡು ವಾರ ಮನೆಯಿಂದ ಕೆಲಸ ಹಾಕಿಸಿಕೊಂಡೆ. ಆಮೇಲೆ ತಿಂಗಳಿಗೆ ಎರಡು ಸಲ ಗೋಲಗುಂಬಜ್ ಎಕ್ಸ್‌ಪ್ರೆಸ್ ಹಿಡಿದು ಊರಿಗೆ. ನೋಡಿ ಕಲಿತದ್ದನ್ನು ಇಲ್ಲಿ ಬರೆಯುತ್ತೇನೆ. ನೀವೇ ವೆಲ್ಡಿಂಗ್ ಮಾಡಿ ಅಂತಲ್ಲ. ಮಾಡಿಸುವಾಗ ಏನು ಕೇಳಬೇಕು, ಎಲ್ಲಿ ನೋಡಬೇಕು ಅಂತ ತಿಳಿದಿರಲಿ.

ಮೊದಲ ದಿನ ಬೆಂಕಿಯ ಕೆಲಸ ಏನೂ ಇಲ್ಲ. ಬ್ಯಾಟರಿ ಬಿಚ್ಚಿದರು, ಪೆಟ್ರೋಲ್ ಟ್ಯಾಂಕ್ ಇಳಿಸಿ ಶೆಡ್ಡಿನಿಂದ ದೂರ ಇಟ್ಟರು, ಸೀಟು, ಮ್ಯಾಟು, ವೈರಿಂಗ್ ಎಲ್ಲ ಸರಿಸಿದರು. ಒಂದು ಬಕೆಟ್ ನೀರು, ಒಂದು ಬಕೆಟ್ ಉಸುಕು ಪಕ್ಕದಲ್ಲೇ. ಹಳೆ ಬಣ್ಣ ಉಜ್ಜುವಾಗ ಮೂಗಿಗೆ ಮಾಸ್ಕ್ ಕಡ್ಡಾಯ. ಆ ಕಾಲದ ಬಣ್ಣಗಳಲ್ಲಿ ಸೀಸ ಇರುವ ಸಾಧ್ಯತೆ ಇದೆ.

ಎರಡನೆಯದು ಆಧಾರ. ಸಿಲ್ ಕತ್ತರಿಸಿದರೆ ಗಾಡಿ ನಡುವೆ ಕುಸಿಯಬಹುದು. ಒಮ್ಮೆ ಕುಸಿದ ಮೇಲೆ ಹೊಸ ತಗಡು ಬೆಸೆದರೆ ಆ ಸೊಟ್ಟ ಶಾಶ್ವತ. ಹಾಗಾಗಿ ಸಮತಟ್ಟು ನೆಲದಲ್ಲಿ ಸ್ಟ್ಯಾಂಡಿನ ಮೇಲೆ ಗಾಡಿ ಕೂರಿಸಿ, ಬಾಗಿಲಿನ ಚೌಕಟ್ಟಿಗೆ ಅಡ್ಡಲಾಗಿ ಕಬ್ಬಿಣದ ಪೈಪು ತಾತ್ಕಾಲಿಕವಾಗಿ ಬೆಸೆದರು. ಒಂದು ಬದಿ ಪೂರ್ತಿ ಮುಗಿಯುವ ತನಕ ಇನ್ನೊಂದು ಬದಿ ಮುಟ್ಟಲಿಲ್ಲ. ಬಾಗಿಲು ಮತ್ತೆ ಮತ್ತೆ ಹಾಕಿ ಸಂದಿ ಸಮ ಇದೆಯೇ ನೋಡುತ್ತಿದ್ದರು.

ಮೂರನೆಯದು ಕತ್ತರಿಸುವುದು. ನಾನು ಸ್ಕೆಚ್ ಪೆನ್ನಿನಿಂದ ತೂತಿನ ಸುತ್ತ ಗೆರೆ ಎಳೆದೆ. ಚಾಚಾ ನಕ್ಕು, ಅದರಾಚೆ ಇನ್ನೊಂದು ಗೆರೆ ಎಳೆದರು. “ತೂತಿನ ತನಕ ಅಲ್ಲ, ಬೆಳ್ಳಿ ಕಾಣೂ ತನಕ.” ಬೆಳ್ಳಿ ಅಂದರೆ ಹೊಳೆಯುವ ಶುದ್ಧ ತಗಡು. ತೆಳ್ಳಗಾದ ಅಂಚಿಗೆ ಬೆಸೆದರೆ ಬೆಂಕಿ ತಾಗಿದೊಡನೆ ಅದೇ ಕರಗಿ ಹೊಸ ತೂತಾಗುತ್ತದೆ. ಗ್ರೈಂಡರ್ ಓಡಿದಾಗ ಸಿಲ್ಲಿನ ಒಳಗಿಂದ ಎರಡು ಬೊಗಸೆ ಎರೆ ಮಣ್ಣು ಬಿತ್ತು. ತಿಕೋಟಾ ದಾರಿಯದೋ, ಬಬಲೇಶ್ವರದ್ದೋ. ನವೆಂಬರ್ ತಿಂಗಳಿದ್ದರೂ ಅದು ಮುಟ್ಟಿದರೆ ತಂಪಾಗಿತ್ತು.

ನಾಲ್ಕನೆಯದು ಅಳತೆ. ಪದ್ಮಿನಿಯ ಪ್ಯಾನಲ್ ಅಂಗಡಿಯಲ್ಲಿ ಕೇಳಿದೊಡನೆ ಸಿಗುವ ಕಾಲ ಇದಲ್ಲ. ಹಳೆ ಲಗ್ನಪತ್ರಿಕೆಗಳ ದಪ್ಪ ಕಾಗದವನ್ನು ಜೋಡಿಸಿ, ಆ ಜಾಗಕ್ಕೆ ಹಿಡಿದು, ಮಡಚಿ, ಕತ್ತರಿಸಿ ನಮೂನೆ ಮಾಡಿದರು. ಕಾಗದ ಸರಿಯಾಗಿ ಕೂತ ಮೇಲೇ ಸಿಆರ್ ಶೀಟಿಗೆ ಕೈ. ಬಾಗಿಲಿಗೆ 20 ಗೇಜು, ಸಿಲ್ಲಿಗೆ 18 ಗೇಜು. ಗೇಜಿನ ಅಂಕಿ ಕಡಿಮೆಯಾದಷ್ಟೂ ತಗಡು ದಪ್ಪ. “ಜಿಐ ಶೀಟ್ ಹಾಕಿದರೆ ತುಕ್ಕೇ ಹಿಡಿಯಲ್ವಲ್ಲ?” ಅಂದೆ. ಅದರ ಮೇಲಿನ ಸತುವು ವೆಲ್ಡಿಂಗ್ ಬೆಂಕಿಗೆ ಹೊಗೆಯಾಗುತ್ತದೆ. ಆ ಹೊಗೆ ಕುಡಿದವರಿಗೆ ರಾತ್ರಿ ಜ್ವರ, ಚಳಿ. ಬೆಸೆದ ಜಾಗದಲ್ಲಿ ಸತುವೂ ಉಳಿಯುವುದಿಲ್ಲ.

ಐದನೆಯದು ಬೆಸುಗೆ. ಗ್ಯಾಸ್ ವೆಲ್ಡಿಂಗಿನ ಬಿಸಿ ಅಗಲಕ್ಕೆ ಹರಡುತ್ತದೆ, ತೆಳ್ಳನೆ ತಗಡು ಸೊಟ್ಟಾಗುವ ಸಂಭವ ಹೆಚ್ಚು. ಅದಕ್ಕೆ ಸಿಓಟು ವೆಲ್ಡಿಂಗ್. ಅದರಲ್ಲೂ ಉದ್ದಕ್ಕೆ ಒಂದೇ ಗೆರೆ ಎಳೆಯುವ ಹಾಗಿಲ್ಲ. ಇಲ್ಲೊಂದು ಚುಕ್ಕೆ, ಆ ತುದಿಗೊಂದು, ನಡುವೆ ಒಂದು. ಆರಲು ಬಿಡಬೇಕು. ಮತ್ತೆ ಇನ್ನೊಂದು ಸುತ್ತು. ಚಾಚಾ ನಮಾಜಿಗೆ ಹೋದಾಗ ನಾನು ಅವರ ಹುಡುಗನಿಗೆ “ಬೇಗ ಮುಗಿಸಪ್ಪಾ, ನನ್ನ ಟ್ರೇನಿದೆ” ಅಂದೆ. ಅವನು ಬಾಗಿಲಿನ ಕೆಳ ಪಟ್ಟಿಗೆ ಗೇಣುದ್ದ ಗೆರೆ ಒಂದೇ ಉಸಿರಿಗೆ ಎಳೆದ. ನೋಡನೋಡುತ್ತ ಬಾಗಿಲು ಸುಟ್ಟ ಹಪ್ಪಳದಂತೆ ಅಲೆ ಅಲೆಯಾಗಿ ಎದ್ದಿತು.

ಚಾಚಾ ಬಂದು ನೋಡಿ ಹುಡುಗನನ್ನು ಬೈಯಲಿಲ್ಲ. ನನ್ನನ್ನು ನೋಡಿದರು. ಆಮೇಲೆ ಒಳಗಡೆ ಕಬ್ಬಿಣದ ಡಾಲಿ ಹಿಡಿದು, ಹೊರಗಿನಿಂದ ಸಣ್ಣ ಹತೋಡಿಯಲ್ಲಿ ಬಡಿಯುತ್ತ, ಉಬ್ಬಿದ ಕಡೆ ಬಿಸಿ ಮಾಡಿ ಹಸಿಬಟ್ಟೆ ಒತ್ತುತ್ತ, ಒಂದೂವರೆ ದಿನ ಕೂತರು. ನನ್ನ ಹತ್ತು ನಿಮಿಷದ ಅವಸರಕ್ಕೆ ಎಪ್ಪತ್ತರ ಮನುಷ್ಯನ ಒಂದೂವರೆ ದಿನ. ಅವತ್ತು ಟ್ರೇನು ಬಿಟ್ಟೆ.

ಚಿಂದಿ ಯಾರದು

ಡಿಸೆಂಬರ್‌ನ ಒಂದು ಮಧ್ಯಾಹ್ನ ಅಪ್ಪ ಕೋಲು ಊರುತ್ತ, ಆಟೊ ಹಿಡಿದು ಹೇಳದೆ ಕೇಳದೆ ಶೆಡ್ಡಿಗೆ ಬಂದರು. ಕತ್ತರಿಸಿದ ತುಂಡುಗಳು ಮೂಲೆಯಲ್ಲಿ ಬಿದ್ದಿದ್ದವು. ಬಚ್ಚಿಡಲು ಸಮಯ ಸಿಗಲಿಲ್ಲ. ಅಪ್ಪ ಒಂದನ್ನು ಎತ್ತಿಕೊಂಡು ತಿರುಗಿಸಿದರು. ಡಾಂಬರಿನ ಉಂಡೆ ಇನ್ನೂ ಅಂಟಿಕೊಂಡಿತ್ತು. ಉಗುರಿನಿಂದ ಕೆದರಿ ಒಳಗಿನ ಚಿಂದಿ ಎಳೆದರು. ಹಳೇ ಇಲಕಲ್ ಸೀರೆಯ ಅಂಚು.

ತುಂಬ ಹೊತ್ತು ಯಾರೂ ಮಾತಾಡಲಿಲ್ಲ.

“ಇದು ನಾ ತುರುಕಿದ್ದು” ಅಂದರು ಅಪ್ಪ. “ನಿಮ್ಮವ್ವಗ ದಮ್ಮು ಇತ್ತಲ್ಲ. ತಿಕೋಟಾಕ್ಕ ಹೋಗೋ ಮುಂದ ಕೆಳಗಿಂದ ಧೂಳ ಏಳತಿತ್ತು. ಅರ್ಧ ದಾರ್ಯಾಗ ಉಸಿರು ಹಿಡಿತಿತ್ತು ಆಕಿಗೆ. ಎಲ್ಲೆಲ್ಲಿ ತೂತ ಕಾಣತಾವ ಅಲ್ಲೆಲ್ಲ ಮುಚ್ಚಿದ್ನಿ.” ಆಮೇಲೆ ನನ್ನ ಕಡೆ ತಿರುಗಿದರು. “ನಿನಗ ಗೊತ್ತಿತ್ತೇನು?”

“ಹೂಂ.”

“ಮತ್ತ ಯಾಕ ಹೇಳಲಿಲ್ಲ?”

ಉತ್ತರ ಇರಲಿಲ್ಲ. ಅಪ್ಪನಿಗೆ ನೋವಾಗಬಾರದು ಅಂತ ಮುಚ್ಚಿಟ್ಟೆ ಅನ್ನಬಹುದಿತ್ತು. ಆದರೆ ಚಿಂದಿ ತುರುಕಿದವರ ಕಾರಣವೂ ಅದೇ ಜಾತಿಯದ್ದಾಗಿತ್ತಲ್ಲ.

“ನನ್ನ ಕೈಲೇ ಹಾಳಾತು ನೋಡ್ರಿ ಉಸ್ತಾದ್” ಅಂದರು ಅಪ್ಪ.

ಚಾಚಾ ಗ್ರೈಂಡರ್ ಬದಿಗಿಟ್ಟು ಬೆವರು ಒರೆಸಿಕೊಂಡರು. “ಮಾಸ್ತರ್ರ, ಧೂಳ ನಿಂತಿತ್ತಿಲ್ಲ?”

“ನಿಂತಿತ್ತು.”

“ಬಾಯಾರು ಅಷ್ಟು ವರ್ಷ ಈ ಗಾಡ್ಯಾಗ ಅಡ್ಡಾಡಿದ್ರಿಲ್ಲ? ಪತ್ರಾ ಹೋತು. ಪತ್ರಾ ಸಿಗತೈತಿ ಬಿಡ್ರಿ.”

ಅಷ್ಟು ಹೇಳಿ ಮತ್ತೆ ಕೆಲಸಕ್ಕೆ ಕೂತರು. ಅಪ್ಪ ಸಂಜೆಯವರೆಗೂ ಅಲ್ಲೇ ಸ್ಟೂಲ್ ಹಾಕಿಕೊಂಡು ನೋಡುತ್ತ ಕೂತಿದ್ದರು. ಮಧ್ಯೆ ಒಮ್ಮೆ ಹೊಸ ಸಿಲ್ಲಿನ ತಳ ತೋರಿಸಿ “ಇಲ್ಲಿ ತೂತ ಬಿಟ್ಟೀರಿಲ್ಲ?” ಅಂತ ಕೇಳಿದ್ದು ಬಿಟ್ಟರೆ ಮಾತಿಲ್ಲ.

ಆಮೇಲೆ ಚಾಚಾ ತಿಳಿಸಿ ಹೇಳಿದರು. ಎಲ್ಲ ತೂತೂ ಒಂದೇ ಅಲ್ಲ. ನೆಲದ ತಗಡಿನಲ್ಲಿ ಇರುವ ದೊಡ್ಡ ತೂತುಗಳಿಗೆ ರಬ್ಬರ್ ಬುಚ್ಚು ಇರಲೇಬೇಕು. ಧೂಳು ಬರುತ್ತಿದ್ದದ್ದು ಅಲ್ಲಿಂದ, ಹಳೆ ಬುಚ್ಚು ಉದುರಿದ್ದರಿಂದ. ಬಾಗಿಲ ಕೆಳಗಿನವು, ಸಿಲ್ಲಿನ ಕೆಳಗಿನವು ತೆರೆದೇ ಇರಬೇಕು. ಧೂಳಿಗೆ ಬೇಕಾದದ್ದು ಬಾಗಿಲ ಸುತ್ತ ಒಳ್ಳೆಯ ರಬ್ಬರ್ ಬೀಡಿಂಗ್. ಇಷ್ಟು ಮಾತು ಆವತ್ತು ಯಾರಾದರೂ ಅಪ್ಪನಿಗೆ ಹೇಳಿದ್ದರೆ ಸಾಕಿತ್ತು.

ಮುಚ್ಚುವ ಮೊದಲು

ಬೆಸುಗೆ ಮುಗಿದ ಮೇಲೆ ನಾವೆಲ್ಲ ನೋಡುವುದು ಹೊರಮೈ. ಚಾಚಾ ಹೆಚ್ಚು ಹೊತ್ತು ಕಳೆದದ್ದು ಒಳಮೈ ಮೇಲೆ. ಸಿಲ್ ಮುಚ್ಚುವ ಮೊದಲೇ ಒಳಗೆ ಪ್ರೈಮರ್. ಮೇಲ್ಮೈ ತುಕ್ಕು ಮಾತ್ರ ಇದ್ದ ಕಡೆ ತಂತಿ ಬ್ರಷ್ಷಿನಲ್ಲಿ ತಿಕ್ಕಿ, ಫಾಸ್ಫಾರಿಕ್ ಆಸಿಡ್ ಇರುವ ದ್ರಾವಣ ಹಚ್ಚಿದರು. ಅದು ಉಳಿದ ತುಕ್ಕನ್ನು ಕಪ್ಪು ಫಾಸ್ಫೇಟ್ ಪದರವಾಗಿ ಬದಲಿಸುತ್ತದೆ. ಆದರೆ ಉದುರುವ ತುಕ್ಕಿನ ಮೇಲೆ, ತೂತಾದ ತಗಡಿನ ಮೇಲೆ ಅದು ಹಚ್ಚಿದರೆ ಉಪಯೋಗವಿಲ್ಲ. ಅಲ್ಲಿ ಕತ್ತರಿಯೇ ಮದ್ದು.

ಆಮೇಲೆ ಎಪಾಕ್ಸಿ ಪ್ರೈಮರ್. ಅದರ ಮೇಲೆ ಲಾಂಬಿ. ಹೌದು, ಲಾಂಬಿ ಹಾಕಿದರು. ಲಾಂಬಿ ಕೆಟ್ಟದ್ದಲ್ಲ. ಗಟ್ಟಿ ತಗಡಿನ ಮೇಲೆ ಸಣ್ಣ ಏರುತಗ್ಗು ಸಮ ಮಾಡಲು ಒಂದೆರಡು ಮಿಲಿಮೀಟರ್ ಬಳಿದರೆ ಅದು ಸರಿಯಾದ ಕೆಲಸ. ತುಕ್ಕಿನ ಮೇಲೆ ಬಳಿದರೆ ಅದು ತೇವ ಹೀರಿಕೊಂಡು ಕೆಳಗಿನ ತುಕ್ಕಿಗೇ ನೀರು ಉಣಿಸುತ್ತದೆ. ವಸ್ತು ಒಂದೇ, ಕೆಳಗೆ ಏನಿದೆ ಅನ್ನುವುದರ ಮೇಲೆ ಅದರ ಗುಣ. ಬಣ್ಣ ಅದೇ ತಿಳಿ ನೀಲಿ. ಬೇರೆ ಬಣ್ಣ ಮಾಡಿಸಿದರೆ ಆರ್‌ಸಿಯಲ್ಲೂ ಬದಲಿಸಬೇಕು, ಮರೆಯಬೇಡಿ. ಕೊನೆಗೆ, ಬಣ್ಣ ಒಣಗಿದ ಮೇಲೆ, ಉದ್ದ ಪೈಪಿನಿಂದ ಸಿಲ್ಲಿನ ಒಳಗೆ, ಬಾಗಿಲ ಒಳಗೆ ಮೇಣದಂಥ ಕ್ಯಾವಿಟಿ ವ್ಯಾಕ್ಸ್ ಸಿಂಪಡಿಸಿದರು. ಮತ್ತೆ ಒಂದೊಂದು ತೂತಿಗೂ ತಂತಿ ಹಾಕಿ, ಮೇಣ ಕಟ್ಟಿಕೊಂಡಿಲ್ಲ ಅಂತ ಖಾತ್ರಿ ಮಾಡಿಕೊಂಡರು.

ನಾನು ಪ್ರತಿ ಹಂತದ ಫೋಟೊ ತೆಗೆದಿದ್ದೆ. ಎಲ್ಲವನ್ನೂ ಹುಬ್ಬಳ್ಳಿಯ ಹುಡುಗನಿಗೆ ಕಳಿಸಿದೆ. ಒಳ್ಳೆಯ ಕೆಲಸ ನೋಡಿ ಅವನು ಖುಷಿ ಪಡುತ್ತಾನೆ ಅಂದುಕೊಂಡಿದ್ದೆ. ಎರಡು ದಿನ ಬಿಟ್ಟು ಮೆಸೇಜ್ ಬಂತು: “ಇಷ್ಟು ವೆಲ್ಡಿಂಗ್ ಆದ ಗಾಡಿ ಬ್ಯಾಡ್ರಿ ಸರ್.” 30 ಸಾವಿರಕ್ಕೆ ಕನ್ನಡಿ ಮಾಡಿಸಿದ್ದರೆ ಗಾಡಿ ಹೋಗಿರುತ್ತಿತ್ತು. 85 ಸಾವಿರದ ಅಂದಾಜು ಒಂದು ಲಕ್ಷ ದಾಟಿತ್ತು, ಗಿರಾಕಿಯೂ ಇಲ್ಲ. ಸುಳ್ಳು ಯಾಕೆ ಹೇಳಲಿ, ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಬೆಳಿಗ್ಗೆ ಅಪ್ಪನಿಗೆ ಎಲ್ಲ ಹೇಳಿದೆ. ಖರ್ಚು ಎಷ್ಟು, ಯಾಕೆ ಹೋಯಿತು, ಎಲ್ಲ. ಈ ಸಲ ಏನೂ ಮುಚ್ಚಲಿಲ್ಲ. ಅಪ್ಪ ಚಹಾ ಮುಗಿಸಿ ಅಂದರು, “ಹಂಗಾದ್ರ ನೀನs ಸ್ಟೇರಿಂಗ್ ಗೇರ್ ಹಾಕೂದು ಕಲಿ.”

ಭೋಗಿಯ ದಿನ ಸಜ್ಜಿ ರೊಟ್ಟಿ, ಬದನಿಕಾಯಿ ಪಲ್ಲೆ ಕಟ್ಟಿಕೊಂಡು ಅಪ್ಪನನ್ನು ಪಕ್ಕದಲ್ಲಿ ಕೂರಿಸಿ ತಿಕೋಟಾಕ್ಕೆ ಹೋಗಿ ಬಂದೆ. ಎರಡು ಸಲ ಗೇರು ಕಿರುಚಿತು. ಎರಡೂ ಸಲ ಅಪ್ಪ ಕಣ್ಣು ಮುಚ್ಚಿದರು. ವಾಪಸ್ ಬರುವಾಗ ಸಿದ್ಧೇಶ್ವರ ಜಾತ್ರೆಯ ಗದ್ದಲಕ್ಕೆ ಓಣಿಯೊಳಗೆ ಗಾಡಿ ಹೋಗಲಿಲ್ಲ. ದೂರದಲ್ಲಿ ನಿಲ್ಲಿಸಿ ಮನೆಯವರೆಗೆ ನಡೆದೆವು. ಅಪ್ಪ ಒಂದೆರಡು ಸಲ ಹಿಂದಿರುಗಿ ಗಾಡಿ ನೋಡಿದರು.

ಈಗ ಜೂನ್. ಮೊನ್ನೆ ಮಿರಗದ ಮೊದಲ ಮಳೆ ಬಿದ್ದ ರಾತ್ರಿ ಅಪ್ಪ ವಿಡಿಯೊ ಕಾಲ್ ಮಾಡಿದರು. ಫೋನ್ ಪಕ್ಕದ ಮನೆಯ ಹುಡುಗನ ಕೈಯಲ್ಲಿ. ಅಪ್ಪ ಗಾಡಿ ಪಕ್ಕ ಮಣೆ ಹಾಕಿಕೊಂಡು ಕೂತಿದ್ದರು, ಕೈಯಲ್ಲಿ ಬೇವಿನ ಕಡ್ಡಿ. ಬಾಗಿಲ ಕೆಳಗಿನ ತೂತಿಗೆ ಕಡ್ಡಿ ಹಾಕಿ ಆಡಿಸಿದರು. ಮೊದಲು ಸ್ವಲ್ಪ ಮಣ್ಣು, ಆಮೇಲೆ ಸಣ್ಣ ಧಾರೆಯಾಗಿ ನೀರು ಹೊರಗೆ ಬಂತು.

“ಬಂತು ನೋಡ” ಅಂದರು.

ನಿಮ್ಮ ಕಾರು ಪದ್ಮಿನಿ ಇರಲಿಕ್ಕಿಲ್ಲ. ಹೋದ ವರ್ಷ ಲೋನಿನಲ್ಲಿ ತಂದ ಹೊಸ ಗಾಡಿಯೇ ಇರಬಹುದು. ಅದಕ್ಕೂ ಬಾಗಿಲ ಕೆಳಗೆ, ಮುಂದಿನ ಗಾಜಿನ ಬುಡದಲ್ಲಿ ಇಂಥ ತೂತುಗಳಿವೆ. ಎಲೆ, ಮಣ್ಣು ಕೂತು ಕಟ್ಟಿರುತ್ತವೆ. ಮಳೆ ಜೋರಾಗುವ ಮೊದಲು ಒಂದು ಭಾನುವಾರ ಕೆಳಗೆ ಬಗ್ಗಿ ಕೈಯಾಡಿಸಿ ನೋಡಿ. ಮ್ಯಾಟ್ ಎತ್ತಿ ಅಂಗೈ ಇಟ್ಟು ನೋಡಿ, ಒದ್ದೆ ಇದ್ದರೆ ಬಿಸಿಲಿಗೆ ಹಾಕಿ. ಹಾಗೇ ಊರಿಗೆ ಫೋನ್ ಮಾಡಿ, ಅಪ್ಪನ ಹಳೆ ಗಾಡಿಯದನ್ನೂ ಒಮ್ಮೆ ನೋಡಲು ಹೇಳಿ. ಕಡ್ಡಿ ಬೇವಿನದೇ ಆಗಬೇಕೆಂದಿಲ್ಲ.